ಗೂಟವಿಲ್ಲದ ಗೋಡೆ

ನನ್ನ ಭಾವ ಜಂಬಪ್ಪ ಯಾರಿಗಾದರೂ ಏನನ್ನಾದರೂ ಅಗ್ಗಕ್ಕೆ ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಡುವಾಗಲೂ ಸುಣ್ಣ ಮರೆಯುವ ಮನುಷ್ಯ. ಅಂಥವನು ಆದವಾನಿಯ ಹತ್ತಿ ಮಿಲ್ಲಿನ ಹಿಂದಿರುವ ತನ್ನ ಮನೆಯನ್ನು ತಮ್ಮನಾದ ನನ್ನ ಗಂಡನಿಗೆ ಅರ್ಧ ಬೆಲೆಗೆ ಕೊಡುತ್ತೇನೆ ಎಂದಾಗಲೇ, ಇದರಲ್ಲೇನೋ ಮೋಸವಿದೆ ಎಂದು ನನ್ನ ಮೈ ಉರಿಯಿತು.

"ಆಂಧ್ರಕ್ಕ ಕರ್ನೂಲು ರಾಜಧಾನಿ ಆಗೇತಿ, ಭೀಮಲಿಂಗಾ. ಇನ್ನ ಇಲ್ಲಿಗೂ ಆಫೀಸು ಬರ್ತಾವ. ಬಾಡಿಗಿ ತಗೊಂಡು ಕಾಲು ಚಾಚಿ ಮಲಕ್ಕೋ."

ನನ್ನ ಗಂಡನಿಗೆ ಅಣ್ಣ ಹೇಳಿದ್ದೇ ವೇದ. ಆದರೆ ಅದಕ್ಕಾಗಿ ಮಾರಬೇಕಾದದ್ದು ನನ್ನ ಹೊಲ. ನಮ್ಮವ್ವ ಅರಿಶಿಣ-ಕುಂಕುಮಕ್ಕೆಂದು ಪೆದ್ದಹರಿವಾಣದಲ್ಲಿ ಕೊಟ್ಟಿದ್ದ ಎರೆಹೊಲ. ನನ್ನ ಹೆಬ್ಬೆಟ್ಟು ಬೀಳದೆ ಅದು ಕೈಬಿಡುವ ಹಾಗಿರಲಿಲ್ಲ.

"ಮನಿ ನೋಡದ ಒತ್ತಂಗಿಲ್ಲ," ಎಂದೆ.

ನೋಡಲು ಹೋದೆವು. ಭಾವನ ಎದುರು ಬಾಯಿ ಬಿಡಬಾರದೆಂಬುದು ಅವರ ಮನೆತನದ ರೀತಿ. ತಲೆ ತುಂಬ ಸೆರಗು ಹೊದ್ದು, ಏನಿದ್ದರೂ ಗಂಡನ ಕಿವಿಗೆ ಹೇಳಬೇಕು. ಅವರೋ ನನ್ನ ಖಾರವನ್ನೆಲ್ಲ ಬೆಲ್ಲ ಮಾಡಿ ಅಣ್ಣನಿಗೆ ದಾಟಿಸುತ್ತಿದ್ದರು.

ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಗಟ್ಟಿ ತೊಲೆ. ತಪ್ಪು ಹುಡುಕಲು ಬಂದವಳಿಗೆ ತಪ್ಪೇ ಸಿಗಲಿಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು. ಆಮೇಲೆ ಕಂಡಿತು. ಮೂರು ಗೋಡೆಗಳಲ್ಲಿ ದೀಪದ ಗೂಡುಗಳಿದ್ದವು, ಬಟ್ಟೆ ಬುಟ್ಟಿ ತೂಗುವ ಗೂಟಗಳಿದ್ದವು. ತೊಲೆಗಳ ತುದಿ ಹೊತ್ತಿದ್ದ ನಾಲ್ಕನೆಯ ಗೋಡೆ ಮಾತ್ರ ಬೋಳು. ಒಂದು ಗೂಡಿಲ್ಲ, ಒಂದು ಗೂಟವಿಲ್ಲ. ನಮ್ಮಲ್ಲಿ ಬೇರೆ ಮಂದಿಯ ಗೋಡೆಗೆ ಯಾರೂ ಗೂಟ ಹೊಡೆಯುವುದಿಲ್ಲ.

"ಈ ಗೋಡಿ ಯಾರದಂತ ಕೇಳ್ರಿ," ಎಂದು ಗಂಡನ ಬೆನ್ನು ತಿವಿದೆ.

"ಅಣ್ಣಾ, ಗೋಡಿ ಭಾಳ ಚಂದ ಐತಿ ಅಂತಾಳ," ಎಂದರು ನನ್ನ ಪುಣ್ಯಾತ್ಮ.

"ಇರ್ಲಾರದೇನು! ನಮ್ಮಪ್ಪ ಕಟ್ಟಿಸಿದ್ದು," ಎಂದ ಭಾವ.

ಬಾಗಿಲ ಹಿಂದೆ ಬಿದ್ದಿದ್ದ ಗೂಟವೊಂದನ್ನು ಎತ್ತಿ, ಆ ಗೋಡೆಯ ಕಲ್ಲಿನ ಸಂದಿಗಿಟ್ಟು, ಗುಂಡುಕಲ್ಲಿನಿಂದ ಧಡಧಡ ಹೊಡೆದೆ. ಆಚೆಯಿಂದ ಕೂಗು ಬಂತು.

"ಯಾರದು ನನ್ನ ಗೋಡಿಗೆ ಗೂಟ ಹೊಡಿಯೋದು? ನಿನ್ನ ಕೈ ಸೇದಿ ಹೋಗ್ಲಿ!"

ಪಕ್ಕದ ಮನೆಯ ಪಕೀರಮ್ಮ ಕಸಬರಿಗೆ ಹಿಡಿದೇ ಒಳಗೆ ನುಗ್ಗಿದಳು. "ಜಂಬಪ್ಪಾ, ನಿಮ್ಮಪ್ಪ ಕೈ ಮುಗಿದ ಅಂತ ನಮ್ಮಪ್ಪ ತನ್ನ ಗೋಡಿ ಮ್ಯಾಲ ತೊಲಿ ಇಡಾಕ ಬಿಟ್ಟಿದ್ದ. ಯುಗಾದಿ ಆದಮ್ಯಾಲೆ ಗೋಡಿ ಕೆಡವತೀನಿ, ನಿನ್ನ ತೊಲಿ ತಕ್ಕೋ ಅಂತ ಹೇಳಿಲ್ಲೇನು? ಈಗ ಗೂಟ ಬ್ಯಾರೆ ಹೊಡಸ್ತಿ, ಸಿಗ್ಗಿಲ್ಲೇನಯ್ಯಾ?"

ನನ್ನ ಗಂಡ ತಿರುಗಿದ್ದು ಮಾತ್ರ ನನ್ನ ಕಡೆಗೆ.

"ನಿನಗ ಗೂಟ ಹೊಡಿ ಅಂತ ಯಾರು ಹೇಳಿದ್ರು? ಅಣ್ಣನ ಮರ್ಯಾದಿ ತಗದಿ!"

ಸೆರಗು ತಲೆಯಿಂದ ಜಾರಿತು. ನಾನು ಎತ್ತಿಕೊಳ್ಳಲಿಲ್ಲ. ಮದುವೆಯಾದಂದಿನಿಂದ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದೆ.

"ಭಾವಾರ, ನಮ್ಮವ್ವನ ಹೊಲಕ್ಕ ನಾಕೂ ಕಡಿ ಬದು ನಮ್ಮವೇ ಅದಾವು. ನಿಮ್ಮ ಮನಿಗೆ ಮೂರ ಗೋಡಿ. ನಿಮ್ಮ ತಮ್ಮಗ ಬೇಕಂದ್ರ ಅವರೇ ಕೊಂಡ್ಕೊಳ್ಲಿ. ನನ್ನ ಹೆಬ್ಬೆಟ್ಟು ನನ್ನ ಕೈಯಾಗ ಐತಿ."

ಗೂಟ ಕಿತ್ತು ಪಕೀರಮ್ಮನ ಕೈಗಿಟ್ಟು ಹೊರಗೆ ನಡೆದೆ. ಬೀದಿಗಿಳಿದು ತೆರೆದ ಬಾಗಿಲತ್ತ ಹಿಂತಿರುಗಿ ನೋಡಿದೆ. ಗಂಡ ಬಂದಿರಲಿಲ್ಲ. ಅಣ್ಣನ ಪಕ್ಕ, ಆ ತೊಲೆಗಳ ಕೆಳಗೇ ನಿಂತಿದ್ದರು.