ಎಡಗಡೆಯ ಹುಡುಗಿ

ನಾನು ಬ್ಯಾಡ್ಮಿಂಟನ್ ಆಟಗಾರ್ತಿ ಎಂದ ಕೂಡಲೇ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಟೀವೀಲಿ ಬರ್ತೀರಾ?" ಎನ್ನುತ್ತಾರೆ. ಬರುತ್ತೇನೆ ಸ್ವಾಮಿ, ಯಾಕೆ ಬರುವುದಿಲ್ಲ? ಪಂದ್ಯ ಮುಗಿದು, ಗೆದ್ದವರು ಹಲ್ಲು ಕಿರಿಯುತ್ತಾ ನೆಟ್ ಹತ್ತಿರ ಬಂದಾಗ, ಅವರ ಕೈ ಕುಲುಕಲು ಆಚೆಯಿಂದ ಒಂದು ಕೈ ಚಾಚಿಕೊಳ್ಳುತ್ತದಲ್ಲ, ಅದು ನನ್ನದು. ಕೈ ಮಾತ್ರ ಬರುತ್ತದೆ. ಮುಖ ತೋರಿಸುವಷ್ಟು ಹೊತ್ತು ಕ್ಯಾಮೆರಾದವನಿಗೆ ತಾಳ್ಮೆ ಇರುವುದಿಲ್ಲ.

ಮಹಿಳೆಯರ ಡಬಲ್ಸ್ ನನ್ನ ಹೊಟ್ಟೆಪಾಡು. ವಿಮಾನ ನಿಲ್ದಾಣದ ಕುರ್ಚಿಗಳ ಮೇಲೆ ಮಡಿಚಿಕೊಂಡು ಮಲಗುವ ಸ್ಪರ್ಧೆ ಇದ್ದಿದ್ದರೆ ನಾನು ಈ ಹೊತ್ತಿಗೆ ವಿಶ್ವ ಚಾಂಪಿಯನ್. ಮೊದಲ ಸುತ್ತಿನಲ್ಲೇ ಸೋತು ಗಂಟುಮೂಟೆ ಕಟ್ಟುವುದು ಎಷ್ಟು ರೂಢಿಯಾಗಿದೆ ಎಂದರೆ, ಹೋಟೆಲಿನಲ್ಲಿ ನಾನು ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುವುದೇ ಇಲ್ಲ. ಹಲ್ಲುಜ್ಜುವ ಬ್ರಷ್ಷು, ಮೊಣಕಾಲಿನ ಪಟ್ಟಿ, ಅಷ್ಟು ಹೊರಗಿದ್ದರೆ ಸಾಕು. ಅಮ್ಮನೂ ಈಗೀಗ ಫೋನು ಮಾಡಿದರೆ ಗೆದ್ದೆಯಾ ಎಂದು ಕೇಳುವುದಿಲ್ಲ, "ಯಾವಾಗ ವಾಪಸ್ಸು?" ಎಂದು ಕೇಳುತ್ತಾಳೆ.

ನನ್ನ ಜೋಡಿ ನನ್ನ ತಂಗಿ. ಚಿಕ್ಕಂದಿನಲ್ಲಿ ಚೋಟುದ್ದ ಇದ್ದಳೆಂದು ಮನೆಯಲ್ಲಿ ಅವಳನ್ನು ಚೋಟು ಎಂದೇ ಕರೆದೆವು. ಈಗ ನನ್ನಷ್ಟೇ ಎತ್ತರ. ಒಂದೇ ಬಣ್ಣದ ಅಂಗಿ, ಬೆನ್ನ ಮೇಲೆ ಒಂದೇ ಮನೆತನದ ಹೆಸರು, ಒಂದೇ ಪಾರ್ಲರಿನಲ್ಲಿ ಒಂದೇ ಥರ ಕತ್ತರಿಸಿದ ಕೂದಲು. ಬೆಳಿಗ್ಗೆ ಒಟ್ಟಿಗೆ ಓಡುತ್ತೇವೆ, ಒಂದೇ ಬಕೆಟ್ಟಿನ ಐಸಿನಲ್ಲಿ ಕಾಲು ಮುಳುಗಿಸುತ್ತೇವೆ, ಒಂದೇ ಮನೆಯಲ್ಲಿ ಇದ್ದೇವೆ. ಈ ಜೋಡಿಯಲ್ಲಿ ಎತ್ತು ನಾನು, ಗಾಡಿ ಅವಳು ಎಂಬುದು ನನ್ನ ಬಲವಾದ ನಂಬಿಕೆಯಾಗಿತ್ತು. ಇದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟು ಒಳ್ಳೆಯವಳು ನಾನು.

ಹೀಗಿರುವಾಗ ರಾಷ್ಟ್ರೀಯ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿ ನಾವೆಲ್ಲ ಏಣಿ ಎಂದು ಕರೆಯುವ ಒಬ್ಬ ಎತ್ತರದ ಹುಡುಗಿ ಇದ್ದಾಳೆ. ಅವಳು ಕೈ ಎತ್ತಿ ಹೊಡೆದರೆ ಎದುರಿನವರು ಶಟಲ್ ಹುಡುಕಲು ತಿರುಗಿ ನೋಡಬೇಕು. ಅವಳ ಜೋಡಿಯ ಹಿಮ್ಮಡಿಯ ನರ ಕಿತ್ತುಹೋಗಿ, ಪಾಪ, ಆಟವೇ ನಿಂತಿತು. ನಮ್ಮಿಬ್ಬರಲ್ಲಿ ಒಬ್ಬಳನ್ನು ಏಣಿಯ ಜೊತೆ ಹಾಕುತ್ತಾರೆಂಬ ಸುದ್ದಿ ನಾವು ಅಭ್ಯಾಸ ಮಾಡುವ ಹಾಲ್ ತುಂಬಾ ಹರಡಿತು. ಇಬ್ಬರಲ್ಲಿ ಒಬ್ಬಳು ಹೋದರೆ ಉಳಿದವಳ ಕತೆ ಮುಗಿದಂತೆ. ಡಬಲ್ಸ್‌ನಲ್ಲಿ ಒಂಟಿಯಾಗಿ ನಿಂತು ಯಾರ ಜೊತೆ ಆಡುವುದು? ನನ್ನ ವಯಸ್ಸಿನವಳಾದರಂತೂ ಹೊಸ ಜೋಡಿ ಸಿಗುವ ಮಾತೇ ಇಲ್ಲ.

ಆದರೆ ನನಗೆ ಆ ಚಿಂತೆ ಇರಲಿಲ್ಲ. ಆರಿಸುವುದು ನನ್ನನ್ನೇ ಎಂದು ಗೊತ್ತಿತ್ತಲ್ಲ. ನನ್ನ ಚಿಂತೆಯೆಲ್ಲ ಚೋಟುವನ್ನು ಹೇಗೆ ಸಮಾಧಾನ ಮಾಡುವುದು ಎಂಬುದು. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. "ನೋಡು ಪುಟ್ಟಾ, ಜೀವನ ಅಂದ್ರೆ ಬರೀ ಆಟ ಅಲ್ಲ." ಹೇಳುತ್ತಾ ಹೇಳುತ್ತಾ ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿ ಬಂತು.

ಅದೇ ದಿನ ಮಧ್ಯಾಹ್ನ ಕೋಚ್ ಕರೆಸಿದರು. ಅವರ ಕೋಣೆ ಮೆಟ್ಟಿಲಿನ ಕೆಳಗಿದೆ. ಅರ್ಧ ಜಾಗವನ್ನು ರ‍್ಯಾಕೆಟ್ಟಿಗೆ ತಂತಿ ಕಟ್ಟುವ ಯಂತ್ರ ನುಂಗಿದೆ, ಉಳಿದರ್ಧದಲ್ಲಿ ಶಟಲ್‌ನ ಖಾಲಿ ಡಬ್ಬಗಳು. ನಮ್ಮ ಕೋಚ್ ಹಾಲ್‌ನ ಈ ತುದಿಯಿಂದ ಆ ತುದಿಗೆ ಕೇಳುವಂತೆ ಬೈಯಬಲ್ಲರು. ಆದರೆ ಕೆಟ್ಟ ಸುದ್ದಿ ಹೇಳಬೇಕೆಂದರೆ ಮಾತ್ರ ಮನುಷ್ಯನಿಗೆ ಧೈರ್ಯ ಸಾಲದು. ಅವತ್ತು ನೀರು ಕುಡಿದರು, ಫ್ಯಾನ್ ಜೋರು ಮಾಡಿದರು, ಕಡಿಮೆ ಮಾಡಿದರು, ಕೊನೆಗೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಹೋದ ತಿಂಗಳು ನಾವು ಸೋತ ಪಂದ್ಯ. ಸದ್ದು ನಿಲ್ಲಿಸಿದ್ದರು.

"ಅಕ್ಕ ತಂಗಿ ಅಂತ ನೋಡ್ಬೇಡ," ಎಂದರು. "ಯಾರೋ ಗೊತ್ತಿಲ್ಲದ ಹುಡುಗೀರು ಅಂದ್ಕೋ. ಎಡಗಡೆ ಒಬ್ಳು, ಬಲಗಡೆ ಒಬ್ಳು. ನೀನು ನನ್ನ ಜಾಗದಲ್ಲಿದ್ರೆ ಯಾರನ್ನ ತಗೋತೀಯ? ಮುಚ್ಚುಮರೆ ಇಲ್ದೆ ಹೇಳು."

ಕ್ಯಾಮೆರಾವನ್ನು ಎಲ್ಲೋ ಮೇಲೆ, ಎದುರಾಳಿಗಳ ಬೆನ್ನ ಹಿಂದೆ ಇಟ್ಟಿದ್ದರು. ನಾವಿಬ್ಬರೂ ದೂರದ ಕೋರ್ಟಿನಲ್ಲಿ ಬೆರಳುದ್ದ ಕಾಣುತ್ತಿದ್ದೆವು. ಎದುರಿನವರು ಒಂದೇ ಸಮನೆ ಹೊಡೆಯುತ್ತಿದ್ದರಿಂದ ಅಕ್ಕಪಕ್ಕ ನಿಂತು ತಡೆಯುವುದೇ ನಮ್ಮ ಕೆಲಸವಾಗಿತ್ತು. ಎಡಗಡೆಯವಳು, ಅಬ್ಬಬ್ಬಾ, ಎಂಥ ಆಟ! ನೋಡಿದ ಕೂಡಲೇ ನನ್ನನ್ನು ಗುರುತು ಹಿಡಿದೆ. ಇಬ್ಬರಲ್ಲಿ ಚೆನ್ನಾಗಿ ಆಡುತ್ತಿದ್ದವಳು ನಾನಲ್ಲದೆ ಇನ್ನಾರು?

"ಎಡಗಡೆಯವಳು ಸರ್," ಎಂದೆ. "ಅನುಮಾನವೇ ಇಲ್ಲ. ಹೆಜ್ಜೆ ನೋಡಿ, ಓಡೋದೇ ಕಾಣಲ್ಲ, ಶಟಲ್ ಬರೋ ಹೊತ್ತಿಗೆ ಅಲ್ಲಿರ್ತಾಳೆ. ಎಷ್ಟು ಸುಸ್ತಾದ್ರೂ ಭುಜ ಇಳಿಬಿಡಲ್ಲ. ಪಕ್ಕದವಳು ಬಿಟ್ಟಿದ್ದನ್ನೆಲ್ಲ ತಾನೇ ಎತ್ತಿ ಕೊಡ್ತಾಳೆ, ಒಂದು ಮಾತಾಡಲ್ಲ. ಇಂಥವಳು ಜೋಡಿ ಸಿಗೋದು ಪುಣ್ಯ ಸರ್."

ಕೋಚ್ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. "ಮತ್ತೆ... ಬಲಗಡೆಯವಳು?"

"ಅಯ್ಯೋ, ಕಂಬ ನೆಟ್ಟ ಹಾಗೆ ನಿಂತಿದ್ದಾಳೆ. ಮಧ್ಯಕ್ಕೆ ಬಂದದ್ದು ಒಂದೂ ಅವಳದ್ದಲ್ಲ. ಪಾಯಿಂಟ್ ಹೋದ ಮೇಲೆ ಪಕ್ಕದವಳಿಗೆ ಕೈ ತೋರಿಸಿ ಬೈತಾಳೆ ನೋಡಿ, ಎಷ್ಟು ಕೊಬ್ಬು! ಇವಳನ್ನ ಇನ್ನು ಆಡಿಸೋದು ಇಬ್ಬರಿಗೂ ಅನ್ಯಾಯ. ನೋವಾಗದ ಹಾಗೆ ಹೇಳಿ ಮನೆಗೆ ಕಳಿಸಿ ಸರ್." ಚೋಟು ನನಗೆ ಕೈ ತೋರಿಸಿ ಬೈದದ್ದು ಯಾವಾಗ ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು.

ಕೋಚ್ ಎದ್ದು ನಿಂತರು. ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಹೇಗಪ್ಪಾ ಇವಳಿಗೆ ಹೇಳೋದು ಅಂತ ನಾನು ನಿದ್ದೆ ಬಿಟ್ಟಿದ್ದೆ. ನೀನೇ ಹೇಳಿಬಿಟ್ಟೆ. ಇಷ್ಟು ದೊಡ್ಡ ಮನಸ್ಸು ನಾನು ಎಲ್ಲೂ ನೋಡಿಲ್ಲ ಕಣಮ್ಮಾ."

ದೊಡ್ಡ ಮನಸ್ಸು ಯಾಕೆ ಬಂತು ಎಂದು ನನಗೆ ಹೊಳೆಯಲಿಲ್ಲ. ಲ್ಯಾಪ್‌ಟಾಪ್ ಓಡುತ್ತಲೇ ಇತ್ತು. ಕೊನೆಯ ಗೇಮಿನ ಮಧ್ಯದಲ್ಲಿ ಎರಡೂ ಜೋಡಿಗಳು ಕೋರ್ಟಿನ ಬದಿ ಬದಲಿಸಬೇಕು. ಇಬ್ಬರು ಹುಡುಗಿಯರೂ ಚೀಲ ಹೆಗಲಿಗೇರಿಸಿ ಕ್ಯಾಮೆರಾದ ಕಡೆಗೇ ನಡೆದು ಬಂದರು. ಮುಂದೆ ಬಂದದ್ದು ಎಡಗಡೆಯವಳು, ತೋಳಿನಿಂದ ಬೆವರು ಒರೆಸಿಕೊಳ್ಳುತ್ತಾ. ಚೋಟು. ಅವಳ ಹಿಂದೆ ಬಲಗಡೆಯವಳು, ಬಾಯಿ ಬಿಡುವಿಲ್ಲದೆ ಬಡಬಡಿಸುತ್ತಾ. ಆ ಮುಖವನ್ನು ನಾನು ಅಂದು ಬೆಳಿಗ್ಗೆಯೇ ಕನ್ನಡಿಯಲ್ಲಿ ನೋಡಿದ್ದೆ.

"ಸರ್, ಸ್ವಲ್ಪ ತಾಳಿ, ನಾನು ಹೇಳಿದ್ದು..." ಎಂದು ಬಾಯಿ ತೆರೆದೆ. ಏನೆಂದು ಹೇಳುವುದು? ನನ್ನ ಆಟ ನನಗೇ ಗುರುತು ಸಿಗಲಿಲ್ಲ, ಇನ್ನೊಮ್ಮೆ ಕೇಳಿ, ಈ ಸಲ ನನ್ನನ್ನು ಹೊಗಳುತ್ತೇನೆ ಎನ್ನುವುದೇ? ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಹೆಂಗಸು, "ಏನಮ್ಮಾ, ಗೆದ್ರಾ?" ಎಂದಳು. ಆ ಹೊತ್ತಿಗೆ ಅವಳನ್ನು ನುಂಗಿಬಿಡುವಷ್ಟು ಸಿಟ್ಟು ಬಂತು, ಪಾಪ ಅವಳದ್ದೇನು ತಪ್ಪು.

ಮನೆಗೆ ಬಂದರೆ ಚೋಟು ನೆಲದ ಮೇಲೆ ಕಾಲು ಚಾಚಿ ಕೂತು ರ‍್ಯಾಕೆಟ್ಟಿನ ಹಿಡಿಗೆ ಹೊಸ ಗ್ರಿಪ್ ಸುತ್ತುತ್ತಿದ್ದಳು. ನನಗಿಂತ ಮೊದಲೇ ಕೋಚ್ ಫೋನು ಮನೆ ತಲುಪಿತ್ತು.

"ತ್ಯಾಗ ಮಾಡಿದೆಯಂತೆ?" ತಲೆ ಎತ್ತದೆ ಕೇಳಿದಳು. "ನಿನ್ನ ಜಾಗ ನನಗೆ ಕೊಟ್ಟೆಯಂತೆ. ನಿನ್ನ ಬಗ್ಗೆ ನೀನೇ ಏನೇನೋ ಕೆಟ್ಟದಾಗಿ ಹೇಳ್ಕೊಂಡೆಯಂತೆ. ಸರ್ ಫೋನಲ್ಲೇ ಅತ್ತುಬಿಟ್ರು. ಕೇಳಿದೆನಾ ನಾನು? ನಿನ್ನ ಭಿಕ್ಷೆ ಬೇಕು ಅಂದೆನಾ?"

"ಚೋಟು, ಅದು ಹಾಗಲ್ಲ ಕಣೇ..."

"ಸುಮ್ನಿರು. ಚಿಕ್ಕವಳು, ಪಾಪ, ಬಿಟ್ಟುಕೊಡೋಣ ಅಂತ ನೀನು ಬಿಟ್ಟುಕೊಟ್ಟ ಜಾಗದಲ್ಲಿ ನಾನು ಆಡಲ್ಲ. ಐದು ಗಂಟೆ ಒಳಗೆ ಹೆಸರು ಕಳಿಸ್ಬೇಕಂತೆ. ನನ್ನ ಹೆಸರು ಬೇಡ ಅಂತ ಈಗಲೇ ಹೇಳ್ತೀನಿ. ನಾವಿಬ್ಬರೂ ಹೀಗೇ ಸೋಲ್ತಾ ಇರೋಣ, ಏನಂತೆ?" ಅವಳು ಫೋನು ಕೈಗೆತ್ತಿಕೊಂಡಳು.

ಆಗ ನನ್ನ ತಲೆ ಎಷ್ಟು ಚುರುಕಾಗಿ ಓಡಿತೆಂದರೆ, ಕಾಲು ಹಾಗೆ ಓಡಿದ್ದರೆ ನಾನು ಎಂದೋ ಚಾಂಪಿಯನ್ ಆಗಿರುತ್ತಿದ್ದೆ. ನಾನು ಮಾತಾಡದೆ ನಿಂತರೆ ಸಾಕು. ಚೋಟು ಬೇಡ ಎನ್ನುತ್ತಾಳೆ, ನನ್ನ ಜೋಡಿ ನನಗೇ ಉಳಿಯುತ್ತದೆ. ನನ್ನ ಆಟವೂ ಉಳಿಯುತ್ತದೆ, ಮೇಲೆ ತ್ಯಾಗಮಯಿ ಎಂಬ ಹೆಸರು ಬೇರೆ. ಇಷ್ಟು ಸುಲಭವಾದ ಪಾಯಿಂಟ್ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಸುಮ್ಮನೆ ನಿಂತೆ ಕೂಡ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಎಡಗಡೆಯ ಹುಡುಗಿ ಕಣ್ಣ ಮುಂದಿನಿಂದ ಹೋಗುತ್ತಲೇ ಇರಲಿಲ್ಲ. ಹನ್ನೊಂದು ವರ್ಷ ಪಕ್ಕದಲ್ಲೇ ಆಡಿದ್ದೆ, ಅವಳ ಆಟವನ್ನು ಒಂದು ದಿನವೂ ನೋಡಿರಲಿಲ್ಲ. ನನ್ನ ಕಣ್ಣೆಲ್ಲ ಶಟಲ್ ಮೇಲೆ, ಉಳಿದ ಗಮನವೆಲ್ಲ ನನ್ನ ಮೇಲೆ. ಅವತ್ತೇ ಮೊದಲ ಸಲ ನೋಡಿದ್ದು. ಅಷ್ಟು ಚೆನ್ನಾಗಿ ಆಡುವ ಹುಡುಗಿ ನನ್ನ ಪಕ್ಕದಲ್ಲಿ ನಿಂತು ನನ್ನ ಬೈಗುಳ ತಿನ್ನುತ್ತಾ ಮುದುಕಿಯಾಗುವುದೇ? ನನಗೆ ತಡೆಯಲಾಗಲಿಲ್ಲ.

"ಫೋನ್ ಇಡು," ಎಂದೆ. "ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ಎಡಗಡೆಯವಳು ನಾನು ಅಂದ್ಕೊಂಡೆ."

"ಯಾವ ಎಡಗಡೆ?"

ಎಲ್ಲ ಹೇಳಿದೆ. ಸದ್ದಿಲ್ಲದ ವಿಡಿಯೋ, ಬೆರಳುದ್ದದ ಹುಡುಗಿಯರು, ಗೊತ್ತಿಲ್ಲದವರು ಅಂದ್ಕೋ ಎಂದದ್ದು. ಚೋಟುವಿನ ಹುಬ್ಬು ನಿಧಾನವಾಗಿ ಮೇಲೇರಿತು.

"ಅಂದ್ರೆ, ನನ್ನ ಆಟ ನೋಡಿ ನಿನ್ನದು ಅಂದ್ಕೊಂಡ್ಯಾ?"

"ಹೂಂ."

"ನಿನ್ನ ಆಟ ನೋಡಿ ನನ್ನದು ಅಂದ್ಕೊಂಡು ನನ್ನನ್ನ ಮನೆಗೆ ಕಳಿಸೋಕೆ ನೋಡಿದ್ಯಾ?"

"ನೋವಾಗದ ಹಾಗೆ ಹೇಳಿ ಕಳಿಸಿ ಅಂದಿದ್ದೆ," ಎಂದೆ.

ಅವಳು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಉರುಳಾಡಿ, ಕಣ್ಣಲ್ಲಿ ನೀರು ಬರುವವರೆಗೆ. ಸುತ್ತಿದ್ದ ಗ್ರಿಪ್ಪೆಲ್ಲ ಬಿಚ್ಚಿಹೋಯಿತು. ನಾನು ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತೆ. ಇದ್ದಕ್ಕಿದ್ದ ಹಾಗೆ ನಗು ನಿಂತಿತು.

"ಅಕ್ಕಾ, ಎಡಗಡೆಯವಳ ಬಗ್ಗೆ ಏನಂದೆ? ಇದ್ದದ್ದು ಇದ್ದ ಹಾಗೆ ಹೇಳು."

"ಏನೋ ಅಂದೆ ಬಿಡೇ."

"ಹೇಳು. ಇಷ್ಟು ವರ್ಷ ಆಡಿದ್ದೀನಿ, ನೀನು ಒಂದು ಸಲ ಚೆನ್ನಾಗಿ ಆಡಿದೆ ಅಂತ ಅಂದಿಲ್ಲ. ಹೇಳು ಅಂದ್ರೆ ಹೇಳು."

ಅವಳ ಎದುರು ನೆಲದ ಮೇಲೆ ಕೂತೆ. ಗೋಡೆಗಾದರೂ ಹೇಳಬಹುದಿತ್ತು, ಅವಳ ಮುಖ ನೋಡಿಕೊಂಡು ಹೇಳುವುದು ನನಗೆ ಸಾವೇ ಬಂದಂತಾಯಿತು. ಹೆಜ್ಜೆಯದ್ದು ಹೇಳಿದೆ. ಭುಜದ್ದು ಹೇಳಿದೆ. ಪಕ್ಕದವಳು ಬಿಟ್ಟದ್ದನ್ನೆಲ್ಲ ಒಂದು ಮಾತಾಡದೆ ಎತ್ತಿ ಕೊಡುತ್ತಾಳೆ ಎನ್ನುವಾಗ ನನ್ನ ದನಿ ಕೆಟ್ಟಿತು. "ಇಂಥವಳು ಜೋಡಿ ಸಿಗೋದು ಪುಣ್ಯ ಅಂದೆ ಕಣೇ," ಎಂದೆ. "ನಿಜವಾಗಿಯೂ ಹಾಗೇ ಅನ್ನಿಸಿತು."

ಚೋಟು ಬಿಚ್ಚಿಹೋದ ಗ್ರಿಪ್ಪನ್ನು ಮತ್ತೆ ಮೊದಲಿನಿಂದ ಸುತ್ತಿದಳು. ಆಮೇಲೆ ಫೋನು ತೆಗೆದು, "ಸರ್, ನನ್ನ ಹೆಸರು ಕಳಿಸಿ," ಎಂದಷ್ಟೇ ಹೇಳಿ ಇಟ್ಟಳು. ಅಲ್ಲಿಗೆ ನನ್ನ ಆಟ ಮುಗಿಯಿತು. ಸಂಕಟವಾಯಿತು, ಆದರೂ ಅವಳು ಬೇಡ ಎಂದಿದ್ದರೆ ಇದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

"ಬಲಗಡೆಯವಳಿಗೆ ಏನಂದೆ?" ಎಂದಳು.

ಕಣ್ಣೀರಿನ ಮಾತು ಸಾಕು, ಇನ್ನು ನಗಿಸೋಣ ಎಂದು ಎದ್ದು ನಿಂತು ಕೈಬೀಸಿ ಅಭಿನಯ ಮಾಡಿಯೇ ತೋರಿಸಿದೆ. "ಕಂಬ ಅಂದೆ. ಕೊಬ್ಬು ಅಂದೆ. ಕೆಲಸಕ್ಕೆ ಬಾರದವಳು, ಇವಳನ್ನ ಆಡಿಸಿದ್ದೇ ಅನ್ಯಾಯ ಅಂದೆ."

ಚೋಟು ನಗಲಿಲ್ಲ. ಎದ್ದು ಬಂದು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು, ಚಿಕ್ಕಂದಿನಲ್ಲಿ ಜಗಳಕ್ಕೆ ನಿಂತಾಗ ಹಿಡಿಯುತ್ತಿದ್ದಳಲ್ಲ, ಹಾಗೆ.

"ಇನ್ನೊಂದ್ಸಲ ಅವಳ ಬಗ್ಗೆ ಹಾಗೆ ಅಂದ್ರೆ ನಾನು ಸುಮ್ನಿರಲ್ಲ," ಎಂದಳು. "ಅವಳು ನಮ್ಮಕ್ಕ."