ಹನ್ನೊಂದರ ಹಾಜರಿ

ಕಟ್ಟಿಗೆಯ ಕೊನೆಯ ತುಂಡು ಇಡುವಾಗ ಹನೀಫನ ಅಂಗೈಗೆ ಸಿಬಿರು ಹೊಕ್ಕಿತು. ಅವನು ಕೀಳಲು ಹೋಗಲಿಲ್ಲ. ಶಿರಸಿಯ ಸ್ಮಶಾನದಲ್ಲಿ ಆ ಸೋಮವಾರ ಮಧ್ಯಾಹ್ನ ಇದ್ದವರು ಇಷ್ಟೇ: ದೊಡ್ಮನೆಯಿಂದ ಬಂದ, ತೀರಿಕೊಂಡವರ ತಮ್ಮನ ಮಗ ನಂದನ, ಗಡಿಯಾರ ನೋಡುತ್ತಿದ್ದ ಭಟ್ಟರು, ಸೈಬರ್ ಕೆಫೆಯ ಹನೀಫ್, ಯಲ್ಲಾಪುರದ ಬಸ್ಸಿಳಿದು ನೇರ ಬಂದ ಗಣಪ ಹೆಗಡೆ. ಗೇಟಿನ ಹೊರಗೆ ಅವರ ಮನೆಯ ಪಾತ್ರೆ ತೊಳೆಯುವ ಸುಬ್ಬಿ. ಮೂವತ್ತು ವರ್ಷ ಊರಿಗೂರನ್ನೇ ಮಾತಾಡಿಸಿದ ಟೆಲಿಫೋನ್ ಆಪರೇಟರ್ ವೆಂಕಮ್ಮನಿಗೆ ಕೊನೆಗೆ ಸಿಕ್ಕ ಜನ.

"ನಿಂಗ ಯಾರು ಹೇಳಿ ಗೊತ್ತಾಜಿಲ್ಲೆ," ಎಂದ ನಂದನ.

"ಆನು ನಿನ್ನ ಅತ್ತೆಯ ಗುಂಪಿನವ. ಕಂಪ್ಯೂಟರಿನಲ್ಲಿ ದಿನಾ ಮಾತು. ಮುಖ ಇವತ್ತೇ ನೋಡಿದ್ದು," ಎಂದರು ಹೆಗಡೆಯವರು.

ಬೆಂಕಿ ಹತ್ತಿದ ಮೇಲೆ ಗೇಟಿನ ಹತ್ತಿರ ಸುಬ್ಬಿ ಹೆಗಡೆಯವರನ್ನು ಹಿಡಿದಳು. "ಮಗಳ ಬಾಣಂತನ ಅಂತ ಮೂರು ದಿನ ನಾ ಬರ್ಲಿಲ್ರಾ. ಬೆಳಿಗ್ಗೆ ನೋಡಿದ್ರೆ ಬಾಗ್ಲ ಹತ್ರ ಬಿದ್ದಾರೆ. ಹಾಸಿಗೆಯಿಂದ ಅಲ್ಲೀತನಕ ತೆವಳ್ಕಂಡು ಬಂದಾರೆ. ಗುರುವಾರ ರಾತ್ರಿ ಬಿದ್ದಿರ್ಬೇಕು, ಶುಕ್ರವಾರ ಸಂಜೆವರೆಗೂ ಜೀವ ಇತ್ತೇನೋ ಅಂದ್ರು ಡಾಕ್ಟ್ರು."

"ಎಂತ ಮಾತು ಇದು? ಶುಕ್ರವಾರ ಗುಂಪಿನಲ್ಲಿ ಹಾಜರಿ ಕೊಟ್ಟಿದಾರೆ. ಶನಿವಾರನೂ, ನಿನ್ನೆನೂ," ಎಂದರು ಹೆಗಡೆಯವರು.

"ಹಂಗಾರೆ ಡಾಕ್ಟ್ರಿಗೆ ಕಂಪ್ಯೂಟರ್ ಬರೂದಿಲ್ಲ," ಎಂದು ಸುಬ್ಬಿ ಸೆರಗಿನಲ್ಲಿ ಮೂಗೊರೆಸಿದಳು.

ಹನೀಫ್ ಅಂಗೈ ಮುಚ್ಚಿಕೊಂಡ.

* * *

ಗುಂಪಿನಲ್ಲಿ ಏಳು ಜನ, ಎಲ್ಲರೂ ಅರವತ್ತು ದಾಟಿದವರು, ಎಲ್ಲರೂ ಒಂಟಿ. ಒಬ್ಬರಿಗೆ ನಿದ್ದೆ ಬರುವುದಿಲ್ಲ, ಒಬ್ಬರು ನಾಲ್ಕು ದಿನದಿಂದ ಯಾರೊಡನೆಯೂ ಬಾಯಿ ಬಿಟ್ಟಿಲ್ಲ. ಹೆಂಡತಿ ತೀರಿಹೋದ ವರ್ಷ ಗಣಪ ಹೆಗಡೆ ಯಲ್ಲಾಪುರದ ಕೆಫೆಯಿಂದ, 'ಬಾವಿಕಟ್ಟೆಯ ಮೇಲೆ ಕೂತು ಎದ್ದು ಬಂದೆ' ಎಂದು ಬರೆದಾಗ ವೆಂಕಮ್ಮ ಇಡೀ ದಿನ ಹನೀಫನ ಕೆಫೆಯ ಕುರ್ಚಿ ಬಿಟ್ಟೇಳದೆ, ಮಾವಿನಕಾಯಿಯ ಅಪ್ಪೆಹುಳಿಗೆ ಒಗ್ಗರಣೆ ಬೇಕೋ ಬೇಡವೋ ಎಂದು ಅವರ ಜೊತೆ ಜಗಳ ಕಾದಿದ್ದರು. ವೆಂಕಮ್ಮ ಹೇಳಿದ್ದನ್ನು ಹನೀಫ್ ಟೈಪ್ ಮಾಡುತ್ತಿದ್ದ.

ಮರುದಿನ ವೆಂಕಮ್ಮನೇ ನಿಯಮ ಮಾಡಿದರು. ಎಕ್ಸ್‌ಚೇಂಜಿನಲ್ಲಿ ಬೆಳಿಗ್ಗೆ ಒಂದೊಂದೇ ಲೈನು ಪರೀಕ್ಷಿಸುತ್ತಿದ್ದ ಅಭ್ಯಾಸ. ಹನ್ನೊಂದರೊಳಗೆ ಎಲ್ಲರೂ 'ಇದ್ದೇನೆ' ಎಂದು ಬರೆಯಬೇಕು. ಬರೆಯದವರ ಮನೆಗೆ ಹತ್ತಿರದ ಊರಿನವರು ಅಂದೇ ಹೋಗಬೇಕು.

ಆಮೇಲೆ ವೆಂಕಮ್ಮನ ಮಂಡಿ ಕೈಕೊಟ್ಟಿತು. ಕೆಫೆ ಮೂರನೇ ಮಹಡಿಯಲ್ಲಿ.

"ಹನೀಫಾ, ನಾನು ಬರದ ದಿನ ನೀನೇ ಹಾಕ್ಬಿಡು. ಇಲ್ಲಾಂದ್ರೆ ಆ ಹೆಗಡೆ ಬಸ್ ಹತ್ತಿ ಬರ್ತಾನೆ, ಅವನಿಗೆ ಅಡಿಗೆ ಯಾರು ಮಾಡೋದು!"

"ಇಂಗ್ಲಿಷಲ್ಲಿ ಒತ್ತಿದ್ರೆ ಆರೇ ಅಕ್ಷರ ಅಲ್ವಾ ಅಮ್ಮ, ಆಯ್ತು," ಎಂದಿದ್ದ ಅವನು.

ಅಂದಿನಿಂದ ಅಂಗಡಿ ತೆರೆದು ಊದುಬತ್ತಿ ಹಚ್ಚಿದ ಕೂಡಲೇ ಆ ಆರು ಅಕ್ಷರ ಒತ್ತುವುದು ಅವನ ರೂಢಿಯಾಯಿತು.

* * *

ಸ್ಮಶಾನದಿಂದ ರಸ್ತೆಗೆ ಬಂದ ಮೇಲೆ ಹನೀಫ್ ಅದನ್ನು ಹೆಗಡೆಯವರಿಗೆ ಹೇಳಿದ. ನಿಂತು ಹೇಳುವ ಧೈರ್ಯವಿಲ್ಲದೆ ನಡೆಯುತ್ತಲೇ ಹೇಳಿದ.

ಹೆಗಡೆಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಶುಕ್ರವಾರ ಹನ್ನೊಂದೂವರೆಗೆ ಒಂದು ಬಸ್ಸಿತ್ತು," ಎಂದರು. ಸ್ವಲ್ಪ ದೂರ ಹೋಗಿ, "ಒಂದು ಗಂಟೆಗೆಲ್ಲ ಬಾಗಿಲು ತಟ್ಟುತಿದ್ದೆ."

ಪೇಟೆ ಬಂತು. ಅವರು ತಟ್ಟನೆ ನಿಂತರು. "ಮಾರಾಯ, ಇವತ್ತು ನಂದೂ ಹಾಜರಿ ಆಗ್ಲಿಲ್ಲ. ನಿನ್ನ ಫೋನು ಬಂದದ್ದೇ ಬಸ್ ಹತ್ತಿದೆ. ಯಾರಾದ್ರೂ ನನ್ನ ಮನೆಗೆ ಹೊರಟ್ರೆ ಕಷ್ಟ. ನೀನೇ ಒಂದು ಹಾಕ್ಬಿಡು, ನಂಗೆ ಮೆಟ್ಟಿಲು ಆಗೂದಿಲ್ಲ."

"ಇಲ್ಲ ಹೆಗಡೇರೇ. ಎಷ್ಟು ಹೊತ್ತಾದ್ರೂ ಆಗ್ಲಿ, ನೀವೇ ಬನ್ನಿ."

ನಲವತ್ತೊಂದು ಮೆಟ್ಟಿಲು. ಎರಡು ಕಡೆ ಕೂತರು, ಒಂದು ಕಡೆ ಅತ್ತರು. ಕೊನೆಗೆ ವೆಂಕಮ್ಮನ ಕುರ್ಚಿಯಲ್ಲೇ ಕೂತು ಕನ್ನಡಕ ಒರೆಸಿಕೊಂಡು ಪರದೆ ನೋಡಿದರು.

ಇಂದಿನ ಪಟ್ಟಿಯ ಮೊದಲ ಸಾಲು, ಬೆಳಿಗ್ಗೆ ಒಂಬತ್ತು ಐದರದು. ವೆಂಕಮ್ಮ: ಇದ್ದೇನೆ.

ಅದರ ಕೆಳಗೆ ಕುಮಟಾದವರೊಬ್ಬರು ಕೇಳಿದ್ದರು: 'ಮಂಡಿ ನೋವು ಹೇಗಿದೆ? ನಾಲ್ಕು ದಿನದಿಂದ ಇದೊಂದೇ ಮಾತು, ಸಿಟ್ಟೋ?'

ಹೆಗಡೆಯವರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದರು. ಮೊದಲನೆಯದು ಸಿಕ್ಕಿತು, ಎರಡನೆಯದು ಬಹಳ ಹೊತ್ತು ಸಿಗಲಿಲ್ಲ. ಹನೀಫ್ ಕುರ್ಚಿಯ ಹಿಂದೆ ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ.