ಕಚ್ಚು ಹೊಡೆಯದ ಗುಡ್ಡ

"ರಾಯಚೂರಿನ ಕೆಂಡದ ಬಿಸಿಲಲ್ಲಿ ಹುಟ್ಟಿದ ಬೋಳಿಮಗ ನೀನು, ನನಗೇ ಹಿಮದ ಪಾಠ ಹೇಳ್ತೀಯೇನೋ?"

ಮ್ಯಾನೇಜರ್ ಅಭಿಷೇಕ ಕೆಳಗಿನಿಂದ ಒದರಿದಾಗ ದಾಮೋದರ ಗುಡ್ಡದ ನಡುಮಧ್ಯೆ ಮೊಣಕಾಲೂರಿ ಕೂತಿದ್ದ. ಪರದೇಶದ ಸುಬಾಂಗ್ ಜಯಾ ನಗರದ ಮಾಲೊಂದರ ಐದನೇ ಮಹಡಿಯಲ್ಲಿ ಕಟ್ಟಿದ ಹಿಮದ ಗುಡ್ಡ ಅದು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು, ಒಳಗೆ ಮೂಗಿನ ಸಿಂಬಳ ಹೆಪ್ಪುಗಟ್ಟುವ ಚಳಿ. ಮೂರಾಳೆತ್ತರದ ಇಳಿಜಾರು, ತಲೆಯ ಮೇಲೆ ಹಿಮ ಉಗುಳುವ ಕೊಳವೆಗಳು. ಟಿಕೆಟ್ ಕೊಂಡವರು ಟ್ಯೂಬಿನಲ್ಲಿ ಕೂತು ಜಾರುತ್ತಾರೆ. ದಾಮೋದರನಂಥವರು ಬೆಳಿಗ್ಗೆ ಆರಕ್ಕೇ ಬಂದು ಗುಡ್ಡ ಕಟ್ಟುತ್ತಾರೆ.

"ಪಾಠ ಅಲ್ರೀ ಸರ. ನಿನ್ನಿ ಕರೆಂಟ್ ಹೋಗಿ ಮಶಿನ್ ನಿಂತಿದ್ವು. ಮ್ಯಾಲಿಂದೆಲ್ಲಾ ಕರಗಿ, ಮತ್ತ ಗಟ್ಟಿಯಾಗಿ ಗಾಜಿನಂಗ ಆಗ್ಯಾದ. ನಾ ಊರಾಗ ಗಿಲಾವು ಮಾಡ್ತಿದ್ದಾಂವ. ನುಣ್ಣನ ಗ್ವಾಡಿಗೆ ಕಚ್ಚು ಹೊಡೀದ ಗಿಲಾವು ಬಡದ್ರ ಹಾಳಿಗೆ ಹಾಳೀನ ಕಳಚಿ ಬೀಳ್ತದ. ಇದೂ ಹಂಗ. ಎರಡ ತಾಸು ಕೊಡ್ರಿ, ಕೆರೆದು ಕಚ್ಚು ಹೊಡಿತೀವಿ. ಆಮ್ಯಾಲ ಹೊಸಾ ಹಿಮ ಬಿಡ್ರಿ."

ದಿನಾ ಹಾಗೇ ಮಾಡುತ್ತಿದ್ದರು. ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲದ ಕೆಲಸ ಅದು. ಕರಣೆ ಹಿಡಿದ ಕೈಗೆ ತಾನಾಗಿ ಹೊಳೆದದ್ದು.

"ಹತ್ತಕ್ಕೆ ಸ್ಕೂಲ್ ಮಕ್ಕಳು ಬರ್ತಿದಾರೆ. ಎರಡು ಗಂಟೆ ಬೇಕಂತೆ ಇವನಿಗೆ! ಗೋಡೆ ಬಳಿಯೋ ನನ್ಮಕ್ಕಳೆಲ್ಲಾ ಇಂಜಿನಿಯರ್ ಆಗ್ಬಿಟ್ರು. ಏಳೋ ಮೇಲೆ, ಹಲ್ಕಟ್! ಏ ರಾಧಾಕೃಷ್ಣ, ಕೆಳಗಡೆ ಟ್ಯೂಬು ತಡೆಯೋ ಬಲೆ ಕಟ್ಟು."

ರಾಧಾಕೃಷ್ಣ ದಾಮೋದರನ ಹೆಂಡತಿಯ ತಮ್ಮ. ಎರಡು ಮಕ್ಕಳ ತಂದೆ. ಭಾವನ ಮಾತು ನಂಬಿ ಇಲ್ಲಿಗೆ ಬಂದವನು.

"ಬಿಡೋ ಭಾವ, ಈ ಮ್ಯಾನೇಜರನ ಬಾಯಾಗ ಹಿಮ ತುಂಬಲಿ," ಎಂದು ನಗುತ್ತ ಇಳಿದುಹೋದ. "ಮಧ್ಯಾಹ್ನ ಮಾಮಕ್ ಅಂಗಡ್ಯಾಗ ನೀನ ಚಾ ಕುಡಿಸ್ಬೇಕು ಮತ್ತ."

ಕೊಳವೆಗಳು ಬಾಯಿ ಬಿಟ್ಟವು. ಒಂದು ಗೇಣು ಬಿತ್ತು, ಎರಡು ಗೇಣು ಬಿತ್ತು.

ಆಮೇಲೆ ದಾಮೋದರನ ಕಾಲಡಿ 'ದೊಬ್' ಎಂದಿತು. ಕಳಚಿಕೊಂಡ ಗಿಲಾವಿಗೆ ಬೆರಳ ಗಂಟಿನಿಂದ ತಟ್ಟಿದರೆ ಬರುವ ಪೊಳ್ಳು ಸದ್ದು. ಅವನು ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯ ಅರ್ಧ ಗುಡ್ಡ ಚಾಪೆ ಎಳೆದಂತೆ ಜಾರಿಹೋಯಿತು. ಕೆಳಗೆ ಬಲೆಯೂ ಇಲ್ಲ, ರಾಧಾಕೃಷ್ಣನೂ ಇಲ್ಲ.

ಸಲಿಕೆ ಹಾಕಿದರೆ ಅವನ ಮೈಗೇ ತಾಗೀತೆಂದು ಮಕ್ಕಳಾಟದ ಪ್ಲಾಸ್ಟಿಕ್ ಬಕೆಟ್ಟಿನಿಂದ ತೋಡಿದರು, ಉಗುರಿನಿಂದ ತೋಡಿದರು. ಕೊನೆಗೆ ಮುಖ ಸಿಕ್ಕಿತು, ನೀಲಿಗಟ್ಟಿದ ಮುಖ. ಬಾಯಿಯಿಂದ ಹಿಮ ಬಗೆದು ತೆಗೆದ ಮೇಲೆ ಗೊರ್ ಎಂದು ಉಸಿರಾಡಿದ. ಒಂದು ಕಾಲು ಮಾತ್ರ ತಿರುಗಬಾರದ ಕಡೆಗೆ ತಿರುಗಿತ್ತು.

"ಯಾರೂ ಫೋಟೋ ತೆಗೀಬೇಡಿ!" ಅಭಿಷೇಕ ಬೆವೆತಿದ್ದ, ಆ ಚಳಿಯಲ್ಲೂ. "ಸರ್ವಿಸ್ ಲಿಫ್ಟಲ್ಲಿ ಇಳಿಸಿ. ಕಾಲು ಜಾರಿ ಬಿದ್ದ, ಅಷ್ಟೇ. ಗೊತ್ತಾಯ್ತಾ?"

"ನಾನೂ ಹೋಗ್ತೀನ್ರಿ."

"ನಿನ್ನ ಪಾಸ್‌ಪೋರ್ಟ್ ಯಾರ ಡ್ರಾಯರ್‌ನಲ್ಲಿದೆ? ಬಿದ್ದ ಕಡೆ ಹಿಮ ತುಂಬು. ಎಡಗಡೆ ಚೆನ್ನಾಗೇ ಇದೆ, ಅಲ್ಲೇ ಜಾರಿಸೋಣ."

ಎಡಗಡೆ ಎಲ್ಲಿ ಚೆನ್ನಾಗಿತ್ತು? ನೆತ್ತಿಯಲ್ಲಿ ಈ ತುದಿಯಿಂದ ಆ ತುದಿಗೆ ಬೆರಳು ತೂರುವಷ್ಟು ಬಿರುಕು. ದಾಮೋದರ ಅದನ್ನು ತೋರಿಸಿದ. ಅಭಿಷೇಕ ನೋಡಿದ. ಆಮೇಲೆ ಅದರ ಮೇಲೂ ಕೊಳವೆ ತಿರುಗಿಸಿದ. ಬಿರುಕು ಮುಚ್ಚಿಹೋಯಿತು.

ಹತ್ತಕ್ಕೆ ಬಾಗಿಲು ತೆರೆಯಿತು. ಕೆಂಪು ಟೊಪ್ಪಿಗೆಯ ಮಕ್ಕಳು ಕಿರುಚುತ್ತ ಒಳಗೆ ನುಗ್ಗಿದರು. ದಾಮೋದರ ಸಲಿಕೆ ಎಸೆದು ಓಡಿ, ಎಡಗಡೆಯ ಮೆಟ್ಟಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತ.

"ನೋ! ನೋ ಗೋ! ಹೋಗಬ್ಯಾಡ್ರಿ, ಗುಡ್ಡ ಬೀಳ್ತದ!"

ಮುಂದಿದ್ದ ಹುಡುಗಿಗೆ ಕನ್ನಡ ತಿಳಿಯುತ್ತಿತ್ತು. ಎದೆಯ ಚೀಟಿಯಲ್ಲಿ ಇಂಚರ ಅಂತ ಹೆಸರು. ಅವಳು ಹಿಂದೆ ತಿರುಗಿ ಕೂಗಿದಳು: "ಹೀ ಸೇಸ್ ದ ಮೌಂಟನ್ ವಿಲ್ ಫಾಲ್! ದ ಶೋ ಸ್ಟಾರ್ಟೆಡ್ ಲಾ!"

ಮಕ್ಕಳು ಹೋ ಎಂದರು. ಮೊದಲ ಹಿಮದುಂಡೆ ಅವನ ಎದೆಗೆ ಬಡಿಯಿತು. ಎರಡನೆಯದು ಕಣ್ಣಿಗೆ. ಆಮೇಲೆ ಎಣಿಕೆಯೇ ಇಲ್ಲ. ಟೀಚರಮ್ಮ ಮೊಬೈಲ್ ಎತ್ತಿ ಹಿಡಿದಳು. ಧ್ವನಿವರ್ಧಕದಲ್ಲಿ ಅಭಿಷೇಕನ ನಗುದನಿ: "ನಮ್ಮ ಸ್ನೋಮ್ಯಾನ್‌ಗೆ ಚಪ್ಪಾಳೆ, ಚಿಲ್ಡ್ರನ್!"

"ಗುಡ್ಡ ಬೀಳ್ತದ ನನ್ನವ್ವ, ಖರೇ ಬೀಳ್ತದ..." ಬಾಯಿ ತೆರೆದಾಗಲೆಲ್ಲ ಹಿಮ ತುಂಬಿಕೊಳ್ಳುತ್ತಿತ್ತು. ಇಬ್ಬರು ಕಾವಲಿನವರು ಎರಡು ಕಡೆಯಿಂದ ಬಂದು ರಟ್ಟೆ ಹಿಡಿದರು. ಅವನು ಕೈ ಮಡಚಲಿಲ್ಲ. ಅವನ ಕಂಕುಳಡಿಯಿಂದ ನಾಲ್ಕೈದು ಮಕ್ಕಳು ನಗುತ್ತ ನುಸುಳಿ, ಮೆಟ್ಟಿಲು ಹತ್ತಿಬಿಟ್ಟರು.

ಅವನ ಬೆನ್ನ ಹಿಂದೆ, ಚಪ್ಪಾಳೆಯ ನಡುವೆ, 'ದೊಬ್' ಎಂದಿತು.